ಎಡಗೈ ಉಂಗುರ ಬೆರಳು

ಪರೀಕ್ಷೆ ಎರಡು. ಅರ್ಜಿ ಒಂದು. ಯಾವುದಕ್ಕೆ ಹಾಕೋದು?

ಇಷ್ಟೇ ವಿಷಯ. ಇದನ್ನು ತೀರ್ಮಾನ ಮಾಡೋಕೆ ಆಸ್ಪತ್ರೆ ಹಿಂದಿನ ಒಗೆಯೋ ಶೆಡ್ಡಿನಲ್ಲಿ ಹದಿನಾಲ್ಕು ಹೆಂಗಸರು ಒಂದು ವಾರ ತಲೆ ಕೆಡಿಸಿಕೊಂಡರು. ಅವರಲ್ಲಿ ಒಬ್ಬಳೂ ಜನ್ಮದಲ್ಲಿ ಪರೀಕ್ಷೆ ಬರೆದವಳಲ್ಲ. ಬರೆದವರು ಯಾರೂ ಆ ಶೆಡ್ಡಿಗೆ ಬಂದು ಹೇಳಲಿಲ್ಲ. ಅದಕ್ಕೇ ಇವರೇ ಹೇಳಿಕೊಂಡರು.

ಮೊದಲು ಕೆಲಸದ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯಲ್ಲ. ಆಸ್ಪತ್ರೆಯ ನಾನೂರು ಮಂಚದ ಹಾಸುಬಟ್ಟೆ ದಿನಾ ಈ ಶೆಡ್ಡಿಗೆ ಬರುತ್ತೆ. ರಕ್ತ, ಕೀವು, ವಾಂತಿ, ಉಚ್ಚೆ, ಹೇಲು. ಹೆರಿಗೆ ವಾರ್ಡಿನದು ಒಂದು ಗಂಟು. ಸತ್ತವರ ಕೆಳಗಿನಿಂದ ಎಳೆದದ್ದು ಇನ್ನೊಂದು ಗಂಟು. ಒಗೆಯೋ ಯಂತ್ರ ಇಲ್ಲ ಅಂತಲ್ಲ, ಇದೆ. ಆದರೆ ಯಂತ್ರಕ್ಕೆ ಹಾಕೋ ಮುಂಚೆ ಕಲೆಯನ್ನು ಕೈಯಲ್ಲಿ ತೆಗೀಬೇಕು. ಇಲ್ಲದಿದ್ದರೆ ಯಂತ್ರ ಹಾಳಾಗುತ್ತಂತೆ. ಮೂರು ಸಿಮೆಂಟ್ ತೊಟ್ಟಿ. ಒಂದರಲ್ಲಿ ಸೋಡಾ, ಒಂದರಲ್ಲಿ ಬ್ಲೀಚು, ಒಂದರಲ್ಲಿ ಬರೀ ನೀರು. ಮೊಣಕೈವರೆಗೂ ಮುಳುಗಿಸಿ ಉಜ್ಜಬೇಕು, ಹಿಂಡಬೇಕು, ಮುಂದಿನ ತೊಟ್ಟಿಗೆ ಎತ್ತಿ ಹಾಕಬೇಕು. ಒದ್ದೆ ಹಾಸುಬಟ್ಟೆ ಎಷ್ಟು ಭಾರ ಅಂತ ಎತ್ತಿದವರಿಗೇ ಗೊತ್ತು. ಗೋಡೆ ಮೇಲೆ ಮೊಳೆಗೆ ರಬ್ಬರಿನ ಕೈಗವಸು ನೇತು ಹಾಕಿದಾರೆ, ಹದಿನಾಲ್ಕು ಜೊತೆ, ಇನ್ನೂ ಲಕೋಟೆಯಿಂದ ಆಚೆ ಬಂದಿಲ್ಲ. ತನಿಖೆಗೆ ಸಾಹೇಬರು ಬಂದಾಗ ಅದನ್ನು ನೋಡಿ, ತಲೆ ಆಡಿಸಿ, ಬರೆದುಕೊಂಡು ಹೋಗ್ತಾರೆ.

ಗುಬ್ಬಿಯಮ್ಮ ಆ ಶೆಡ್ಡಿನಲ್ಲಿ ಇಪ್ಪತ್ತೊಂದು ವರ್ಷದಿಂದ ಇದಾಳೆ. ಅವಳ ಬೆರಳ ತುದಿಗೆ ಏನೂ ಗೊತ್ತಾಗಲ್ಲ. ಒಲೆ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸ್ತಾಳೆ. ನೋಡಿದವರು "ಅಬ್ಬಾ, ಗಟ್ಟಿಗಿತ್ತಿ!" ಅಂತಾರೆ. ಗಟ್ಟಿ ಏನು ಬಂತು. ಸತ್ತ ಕೈ ಅದು. ಮೊದಮೊದಲು ಉರೀತಿತ್ತು, ಆಮೇಲೆ ಬಿರೀತು, ಆಮೇಲೆ ಸುಮ್ಮನಾಯ್ತು. ಕೈ ಸುಮ್ಮನಾದ ಮೇಲೆ ಮನಸ್ಸೂ ಹಂಗೇ ಆಯ್ತು. ಗಂಡ ಆ ಶೆಡ್ಡಿನ ಬಾಯ್ಲರ್ ನೋಡಿಕೊಳ್ಳೋನು, ಒಂದು ಮಧ್ಯಾಹ್ನ ಕೆಮ್ಮುತ್ತಾ ಮನೆಗೆ ಹೋದವನು ಹಾಸಿಗೆಯಿಂದ ಏಳಲಿಲ್ಲ. ಅವಳು ಮೂರನೇ ದಿನ ಕೆಲಸಕ್ಕೆ ಬಂದಳು. ಅಳಲಿಲ್ಲ. ಬಟ್ಟೆ ಬಂದು ಬಿದ್ದಿತ್ತು, ಒಗೆದಳು.

ಗುಬ್ಬಿ ಅಂದರೆ ಮಗಳು. ಹುಟ್ಟಿದಾಗ ಅಂಗೈಯಗಲ ಇದ್ದಳು ಅಂತ ಶೆಡ್ಡಿನವರೇ ಹಾಗೆ ಕರೆದರು. ಈಗ ಹದಿನೇಳು. ಅಪ್ಪ ಹೋದ ಮೇಲೆ, ಹನ್ನೊಂದನೇ ವಯಸ್ಸಿಂದ, ಶಾಲೆ ಬಿಟ್ಟ ಕೂಡಲೇ ಬಂದು ಎರಡನೇ ತೊಟ್ಟಿಗೆ ನಿಲ್ತಾಳೆ. ಬ್ಲೀಚಿನ ತೊಟ್ಟಿಗೆ. ಸೋಪಿನ ಚೂರು ತಗೊಂಡು ಗೋಡೆ ಮೇಲೆ ಲೆಕ್ಕ ಬರೀತಾಳೆ, ಉಜ್ಜುತ್ತಾ ಉಜ್ಜುತ್ತಾ ಅದನ್ನೇ ನೋಡ್ತಾಳೆ, ಬಿಡಿಸಿದ ಮೇಲೆ ಒಂದು ಚೆಂಬು ನೀರು ಎರಚಿ ಅಳಿಸಿ ಬೇರೆ ಬರೀತಾಳೆ. ಒಂದು ಸಲ ಇದ್ದಕ್ಕಿದ್ದ ಹಾಗೆ ಹೇಳಿದಳು, "ಅಮ್ಮಾ, ಬ್ಲೀಚು ರಕ್ತಾನ ತೆಗೆಯಲ್ಲ ಗೊತ್ತಾ? ಅದರ ಬಣ್ಣ ಮಾತ್ರ ತಿನ್ನುತ್ತೆ. ರಕ್ತ ಅಲ್ಲೇ ಇರುತ್ತೆ, ನಮಗೆ ಕಾಣಲ್ಲ ಅಷ್ಟೇ."

"ಕಾಣದೇ ಇದ್ರೆ ಸಾಕು, ಮೇಸ್ತ್ರಿ ಬೈಯಲ್ಲ. ಹಿಂಡು," ಅಂದಳು ತಾಯಿ.

ಈಗ ಪರೀಕ್ಷೆಗೆ ಬರೋಣ. ದೊಡ್ಡ ಪರೀಕ್ಷೆ ಬರೆದು ಗೆದ್ದರೆ ಗೋಡೆ ಕಾಲೇಜು. ದಿಬ್ಬದ ಮೇಲೆ ಎತ್ತರದ ಗೋಡೆ ಕಟ್ಟಿಕೊಂಡು ಕೂತಿದೆಯಲ್ಲ, ಅದಕ್ಕೇ ಜನ ಹಾಗೆ ಕರೆಯೋದು. ವರ್ಷಕ್ಕೆ ಇನ್ನೂರು ಮಕ್ಕಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತೆ. ಅಲ್ಲಿ ರಸಾಯನಶಾಸ್ತ್ರಕ್ಕೇ ಒಂದು ಇಡೀ ಕಟ್ಟಡ ಇದೆಯಂತೆ. ಗುಬ್ಬಿಗೆ ಬೇಕಾಗಿದ್ದು ಅದು. ಬೇರೆ ಏನೂ ಬೇಕು ಅಂತ ಅವಳು ಯಾವತ್ತೂ ಕೇಳಿದ್ದಿಲ್ಲ.

ಸಣ್ಣ ಪರೀಕ್ಷೆ ಬರೆದರೆ ತರಬೇತಿ ಶಾಲೆ. ಎರಡು ವರ್ಷ ಓದಿದರೆ ಆಸ್ಪತ್ರೆಯಲ್ಲಿ ಸಹಾಯಕಿ ಕೆಲಸ. ಸಹಾಯಕಿ ಅಂದರೆ ಮಂಚಕ್ಕೆ ಬಟ್ಟೆ ಹಾಸೋಳು. ತಾಯಿ ಒಗೆದದ್ದನ್ನು ಮಗಳು ಹಾಸಬೇಕು. ಒಂದು ತಲೆಮಾರಿಗೆ ಇಷ್ಟು ಬಡ್ತಿ ಸಾಕು ಅಂತ ಯಾರೋ ಲೆಕ್ಕ ಹಾಕಿಟ್ಟಿದಾರೆ.

ಶುಲ್ಕ ಕಟ್ಟೋರು ಎರಡನ್ನೂ ಬರೀಬಹುದು. ಆಸ್ಪತ್ರೆಯ ದೊಡ್ಡ ಡಾಕ್ಟರ ಮಗಳು ಇವೆರಡೂ ಅಲ್ಲದೆ ಇನ್ನೂ ಮೂರು ಪರೀಕ್ಷೆ ಬರೀತಾಳಂತೆ, ಯಾವುದರಲ್ಲಿ ಅಂಕ ಚೆನ್ನಾಗಿ ಬರುತ್ತೋ ಅದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೀತಾಳಂತೆ. ಕಟ್ಟಲಾರದವರಿಗೆ ಉಚಿತ ಅರ್ಜಿ. ಅದು ಒಬ್ಬರಿಗೆ ಒಂದೇ. ಆ ಕಡೆ ಹಾಕಿದರೆ ಈ ಕಡೆ ಇಲ್ಲ.

ಶಾಲೆಯ ಹೆಡ್ ಮೇಡಂ ಗುಬ್ಬಿಯಮ್ಮನನ್ನು ಕರೆಸಿದರು. ಕುರ್ಚಿ ಎರಡು ಖಾಲಿ ಇದ್ದವು. ಕೂತ್ಕೋ ಅನ್ನಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದರು. ಬ್ಲೀಚಿನ ವಾಸನೆ ಅವರಿಗೆ ಆಗಲ್ಲ ಅಂತ ಗುಬ್ಬಿಯಮ್ಮನಿಗೆ ಅರ್ಥ ಆಯ್ತು. ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲ ಹತ್ತಿರ ನಿಂತಳು.

"ನೋಡಮ್ಮ, ನಿನ್ನ ಒಳ್ಳೇದಕ್ಕೇ ಹೇಳೋದು. ನಿನ್ನ ಮಗಳು ಜಾಣೆ, ಇಲ್ಲ ಅನ್ನಲ್ಲ. ಆದರೆ ಗೋಡೆ ಕಾಲೇಜಿಗೆ ಬರೆಯೋ ಮಕ್ಕಳು ಎರಡು ವರ್ಷದಿಂದ ಬರೀ ಅದಕ್ಕೇ ತಯಾರಿ ಮಾಡಿರ್ತಾರೆ. ಸೀಟು ಸಿಗದೇ ಹೋದರೆ ಇವಳಿಗೆ ಅದೂ ಇಲ್ಲ, ಇದೂ ಇಲ್ಲ. ನಿಮ್ಮಂಥೋರಿಗೆ ಸಣ್ಣದೇ ಸರಿ. ಕೈಗೆ ಒಂದು ಕೆಲಸ ಅಂತ ಆಗುತ್ತೆ."

"ಸರಿ ಮೇಡಂ," ಅಂದಳು ಗುಬ್ಬಿಯಮ್ಮ.

ಅವಳಿಗೆ ಸಿಟ್ಟು ಬರಲಿಲ್ಲ. ಮೇಡಂ ಹೇಳಿದ್ದರಲ್ಲಿ ಸುಳ್ಳೇನಿದೆ ಅನ್ನಿಸಿತು. ಆಚೆ ಬಂದರೆ ಲೆಕ್ಕದ ಟೀಚರ್ ಮೆಟ್ಟಿಲ ಹತ್ತಿರ ಕಾಯ್ತಾ ಇದ್ದರು. ವಯಸ್ಸಾದ ಹೆಂಗಸು, ಇನ್ನೆರಡು ವರ್ಷಕ್ಕೆ ನಿವೃತ್ತಿ.

"ಏನಂದ್ರು ಒಳಗೆ? ಸಣ್ಣದು ಅಂದ್ರಾ? ಅನ್ನಲಿ. ನಾನು ಮೂವತ್ತು ವರ್ಷದಲ್ಲಿ ಇಂಥ ಮಗೂನ ನೋಡಿಲ್ಲ ಕಣಮ್ಮ. ನೀನು ಸಣ್ಣದಕ್ಕೆ ಹಾಕಿಸಿದರೆ ನಾನು ನಿನ್ನ ಜೊತೆ ಮಾತೇ ಆಡಲ್ಲ." 

ಗುಬ್ಬಿಯಮ್ಮ ಅವರಿಗೂ "ಸರಿ" ಅಂದಳು.

ಶೆಡ್ಡಿನಲ್ಲಿ ಪಂಚಾಯ್ತಿ ಶುರುವಾಯ್ತು. ಇಸ್ತ್ರಿಯಕ್ಕ ಅಂತ ಒಬ್ಬಳಿದಾಳೆ, ಎಲ್ಲರಿಗಿಂತ ಹಿರಿಯಳು, ಇಸ್ತ್ರಿ ಮೇಜಿನ ಹತ್ತಿರ ನಿಂತು ನಿಂತು ಕಾಲು ಬಿಲ್ಲಾಗಿದೆ, ಬಾಯಿ ಮಾತ್ರ ನೆಟ್ಟಗಿದೆ.

"ಎರಡಕ್ಕೂ ಏನೇ ವ್ಯತ್ಯಾಸ? ದೊಡ್ಡದರಲ್ಲಿ ಜಾಸ್ತಿ ಪ್ರಶ್ನೆ ಕೇಳ್ತಾರಾ?"

"ದೊಡ್ಡದರಲ್ಲಿ ಬಾಗಿಲಲ್ಲಿ ಬೆರಳು ಒತ್ತಬೇಕು ಅಕ್ಕ," ಅಂದಳು ಗುಬ್ಬಿ. "ಒಬ್ಬರ ಬದಲು ಒಬ್ಬರು ಬರೀತಾರಂತೆ, ಅದಕ್ಕೆ. ಸಣ್ಣದಕ್ಕೆ ಫೋಟೋ, ಸಹಿ ಸಾಕು."

"ಸಣ್ಣದನ್ನ ಇನ್ನೊಬ್ಬರ ಬದಲು ಬರೆಯೋಕೆ ಯಾವ ಮುಟ್ಠಾಳ ಬರ್ತಾನೆ ಬಿಡು," ಅಂದಳು ಇಸ್ತ್ರಿಯಕ್ಕ. ಎಲ್ಲರೂ ನಕ್ಕರು. ಗುಬ್ಬಿಯೂ ನಕ್ಕಳು. ಗುಬ್ಬಿಯಮ್ಮ ಹಿಂಡುತ್ತಾ ಇದ್ದಳು.

ಅವಳ ಮನಸ್ಸಿನಲ್ಲಿ ಇದ್ದದ್ದು ಸಣ್ಣದೇ. ಆದರೆ ಅರ್ಜಿ ತುಂಬೋ ಕೊನೇ ದಿನ ಮಗಳು ತೊಟ್ಟಿ ಹತ್ತಿರ ಬಂದು, "ಅಮ್ಮಾ, ದೊಡ್ಡದಕ್ಕೆ ಹಾಕ್ತೀನಿ," ಅಂದಳು. ಕೇಳಿದ್ದಲ್ಲ, ಹೇಳಿದ್ದು. "ಆಗದೇ ಹೋದರೆ ಈ ತೊಟ್ಟಿ ಇದ್ದೇ ಇದೆ. ಅದೇನು ಎಲ್ಲಿಗೂ ಓಡಿಹೋಗಲ್ಲ." ತಾಯಿ ಮುಖ ನೋಡಿದಳು. ಕೈಲಿದ್ದ ಬಟ್ಟೆ ಹಿಂಡಿ ಮುಂದಿನ ತೊಟ್ಟಿಗೆ ಹಾಕಿ, "ಹೋಗು, ತುಂಬಿ ಬಾ," ಅಂದಳು.

ಅರ್ಜಿ ತುಂಬೋ ಅಂಗಡಿ ಅಂದರೆ ಒಂದು ಗೂಡು. ಕಂಪ್ಯೂಟರ್ ಒಂದು, ಬೆರಳು ಒತ್ತೋ ಯಂತ್ರ ಒಂದು. ಗುಬ್ಬಿ ಬಲಗೈ ಹೆಬ್ಬೆರಳು ಒತ್ತಿದಳು. ಯಂತ್ರ ಹೆಣ್ಣು ದನಿಯಲ್ಲಿ, ಬಹಳ ಮರ್ಯಾದೆಯಿಂದ, "ಗುರುತು ಸಿಗಲಿಲ್ಲ, ದಯವಿಟ್ಟು ಮತ್ತೆ ಪ್ರಯತ್ನಿಸಿ," ಅಂತು. ಮತ್ತೆ ಒತ್ತಿದಳು. ತೋರುಬೆರಳು. ನಡುಬೆರಳು. ಉಂಗುರ ಬೆರಳು. ಕಿರುಬೆರಳು. ಆ ಕೈ ಮುಗೀತು, ಈ ಕೈ. ಅಂಗಡಿಯವನು ಅವಳ ಕೈ ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿದ.

"ಏನಮ್ಮ ಇದು, ಗೆರೇನೇ ಇಲ್ಲ. ನೆಲ ಉಜ್ಜಿದ ಹಾಗೆ ಉಜ್ಜಿಬಿಟ್ಟಿದೀಯಲ್ಲ. ಏನು ಕೆಲಸ?"

"ಒಗೆಯೋದು."

ಎಡಗೈ ಉಂಗುರ ಬೆರಳಿಗೆ ಬಟ್ಟೆ ಸುತ್ತಿತ್ತು. ಹಾಸುಬಟ್ಟೆಯಲ್ಲಿ ಯಾರೋ ಬಿಟ್ಟ ಸೂಜಿ ಚುಚ್ಚಿ ಕೀವಾಗಿ, ಆ ಬೆರಳೊಂದನ್ನು ಮೂರು ವಾರದಿಂದ ನೀರಿಗೆ ತಾಗಿಸಿರಲಿಲ್ಲ. ಅಂಗಡಿಯವನು ಬಟ್ಟೆ ಬಿಚ್ಚು ಅಂದ. ಬಿಚ್ಚಿದಳು. ಒತ್ತಿದಳು. ಹಸಿರು ದೀಪ ಬಂತು.

"ಈ ಬೆರಳೊಂದೇ ನೀನು ಅಂತ ದಾಖಲಾಗಿದೆ," ಅಂದ ಅವನು. "ಪರೀಕ್ಷೆ ದಿನ ಇದನ್ನೇ ಒತ್ತಬೇಕು. ಇನ್ನು ಹತ್ತು ವಾರ ಇದೆ. ಜೋಪಾನ. ಆಗೋದಾದರೆ ಒಂದು ತಿಂಗಳು ಕೆಲಸ ಬಿಟ್ಟು ಕೂತ್ಕೋ, ಹತ್ತಕ್ಕೂ ಗೆರೆ ಬರುತ್ತೆ. ಕಲ್ಲು ಒಡೆಯೋರಿಗೆಲ್ಲ ನಾನು ಇದನ್ನೇ ಹೇಳೋದು."

ಮಾರನೇ ದಿನ ಗುಬ್ಬಿಯಮ್ಮ ಮೇಸ್ತ್ರಿ ಮುಂದೆ ನಿಂತಳು. ಒಂದು ತಿಂಗಳು ಮಗಳು ಬರಲ್ಲ, ಅವಳ ತೊಟ್ಟೀನೂ ನಾನೇ ನೋಡ್ಕೋತೀನಿ ಅಂದಳು. ಮೇಸ್ತ್ರಿ ಹಲ್ಲಿನ ಸಂದಿಯಿಂದ ಏನೋ ತೆಗೀತಾ ಇದ್ದ.

"ಬರಲ್ಲ ಅಂದ್ರೆ ಬೇಡ ಬಿಡು. ಆ ಜಾಗಕ್ಕೆ ನಾಳೆ ಬೇರೆಯವರು ಬರ್ತಾರೆ. ಆಮೇಲೆ ಬಂದು ಕಾಲು ಹಿಡೀಬೇಡ."

"ಹಂಗಾದ್ರೆ ಒಂದು ಜೊತೆ ಗವಸು ಕೊಡಿ. ಪರೀಕ್ಷೆಗೆ ಅವಳ ಒಂದು ಬೆರಳು ಉಳೀಬೇಕು."

"ಗವಸು ಕೊಟ್ಟು ಇನ್‌ಸ್ಪೆಕ್ಷನ್ನಿಗೆ ಏನು ತೋರಿಸ್ಲಿ, ನಿನ್ನ ಮುಖಾನಾ?" ಅವನು ನಕ್ಕ. "ಹೋದರೆ ಒಂದು ಬೆರಳು ತಾನೆ. ಇನ್ನೂ ಒಂಬತ್ತು ಇದೆಯಲ್ಲ, ಉಜ್ಜೋಕೆ ಹೇಳು."

ಗುಬ್ಬಿಯಮ್ಮ ನೆಲ ನೋಡಿಕೊಂಡು ವಾಪಸ್ ಬಂದಳು.

ಆವತ್ತಿನಿಂದ ಆ ಬೆರಳು ಶೆಡ್ಡಿನ ಬೆರಳಾಯ್ತು. ಇಸ್ತ್ರಿಯಕ್ಕ ಗ್ಲೂಕೋಸ್ ಬಾಟಲಿಯ ಪ್ಲಾಸ್ಟಿಕ್ ಕತ್ತರಿಸಿ, ಬೆರಳಿಗೆ ಚೀಲದ ಹಾಗೆ ತೊಡಿಸಿ, ಬುಡದಲ್ಲಿ ದಾರ ಬಿಗಿದಳು. ಒಂದು ತೊಟ್ಟು ನೀರು ಹೋಗಬಾರದು ಅಂತ ಅದರ ಮೇಲೆ ಇನ್ನೊಂದು. ಬಿಚ್ಚಲೇಬಾರದು ಅಂತ ಕಟ್ಟಪ್ಪಣೆ. ಗುಬ್ಬಿ ತೊಟ್ಟಿಗೆ ಕೈ ಹಾಕಿದರೆ ಸಾಕು, ನಾಲ್ಕೂ ಕಡೆಯಿಂದ ಕೂಗು: "ಬೆರಳು ಎತ್ತೇ! ಬೆರಳು!" ಉಜ್ಜೋವಾಗ ಅವಳು ಒಂದು ಬೆರಳು ನಿಮಿರಿಸಿಕೊಂಡು ಉಜ್ಜುತ್ತಿದ್ದಳು. ಉಳಿದ ಬೆರಳಿಗೆ ಅಷ್ಟು ಜಾಸ್ತಿ ಬಿತ್ತು. ಹೆಬ್ಬೆರಳು ಬಿರಿದು ರಕ್ತ ಬಂತು. ಅದನ್ನು ಯಾರೂ ನೋಡಲಿಲ್ಲ. ಅದು ಲೆಕ್ಕಕ್ಕಿಲ್ಲದ ಬೆರಳು.

ಹತ್ತು ವಾರ ಹಾಗೇ ಆಯ್ತು. ಪರೀಕ್ಷೆಗೆ ಮೂರು ದಿನ ಇದ್ದಾಗ, ಮಧ್ಯಾಹ್ನದ ಬಿಡುವಿನಲ್ಲಿ, ಎಲ್ಲರೂ ಸುತ್ತ ನೆರೆದು ಬೆರಳು ಬಿಚ್ಚಿದರು. ಒಳಗೆ ನೀರು ಇತ್ತು. ದಾರದ ಸಂದಿಯಿಂದ ದಿನಾ ಇಷ್ಟಿಷ್ಟೇ ಇಳಿದು ಅಲ್ಲೇ ನಿಂತಿತ್ತು. ಬೆರಳು ಬಿಳಿಚಿ ಉಬ್ಬಿತ್ತು. ಇಸ್ತ್ರಿಯಕ್ಕ ಮೆಲ್ಲಗೆ ಒರೆಸಿದಳು. ತುದಿಯ ಚರ್ಮ ಟೋಪಿ ಕಳಚಿದ ಹಾಗೆ ಬಟ್ಟೆಗೆ ಬಂತು. ಅದರಡಿ ಹೊಸ ಚರ್ಮ. ಕೆಂಪಗೆ, ನುಣ್ಣಗೆ.

"ಅಯ್ಯೋ, ನೋಡ್ರೇ!" ಅಂದಳು ಇಸ್ತ್ರಿಯಕ್ಕ. "ಎಳೇ ಮಗು ಬೆರಳು ಕಣ್ರೇ ಇದು!" ಆ ಬೆರಳನ್ನು ಕೆನ್ನೆಗೆ ಒತ್ತಿಕೊಂಡಳು. ಹದಿನಾಲ್ಕು ಹೆಂಗಸರೂ ಒಬ್ಬೊಬ್ಬರಾಗಿ ಮುಟ್ಟಿ ನೋಡಿದರು. ಅಷ್ಟು ಮೆತ್ತಗಿನ ಬೆರಳು ಆ ಶೆಡ್ಡಿನಲ್ಲಿ ಯಾರಿಗೂ ಇರಲಿಲ್ಲ. ಗೆದ್ದೆವು ಅಂದುಕೊಂಡರು. ನುಣ್ಣಗೆ ಇರೋದೇ ಒಳ್ಳೇ ಬೆರಳು ಅಂತ ಅವರ ಲೆಕ್ಕ. ಗೆರೆ ಅಂದರೆ ಬಿರುಕು ಅಂತ ತಿಳಿದವರು ಅವರು. ನೀವು ನಗಬಹುದು. ನಿಮ್ಮ ಬೆರಳನ್ನು ಒಂದು ಸಲ ನೋಡಿಕೊಂಡು ಆಮೇಲೆ ನಗಿ.

ಗುಬ್ಬಿ ಬೆರಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳಿಗೆ ಆಗಲೇ ಗೊತ್ತಾಗಿತ್ತೋ ಏನೋ.

ಪರೀಕ್ಷೆ ಬೆಳಿಗ್ಗೆ ಹತ್ತಕ್ಕೆ. ಒಂದು ದೊಡ್ಡ ಶಾಲೆಯ ಕಟ್ಟಡ. ದೊಡ್ಡ ಪರೀಕ್ಷೆ ಬೆಳಿಗ್ಗೆ, ಸಣ್ಣದು ಅಲ್ಲೇ ಮಧ್ಯಾಹ್ನ. ರಸ್ತೆ ತುಂಬಾ ಕಾರು. ಅಪ್ಪಂದಿರು ಮಕ್ಕಳ ಬೆನ್ನು ತಟ್ಟುತ್ತಿದ್ದರು, ಅಮ್ಮಂದಿರು ನೀರು ಕುಡಿಸುತ್ತಿದ್ದರು. ಗುಬ್ಬಿಯಮ್ಮ ರಜೆ ಕೇಳದೆ ಬಂದಿದ್ದಳು. ಬಾಗಿಲ ಹತ್ತಿರ ಒಂದು ಮೇಜು, ಮೇಜಿನ ಮೇಲೆ ಒಂದೇ ಯಂತ್ರ, ಹಿಂದೆ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಅಧಿಕಾರಿ, ಪಕ್ಕದಲ್ಲಿ ಇಬ್ಬರು ಕಾವಲುಗಾರರು. ಮಕ್ಕಳು ಬೆರಳು ಒತ್ತಿದರು, ಹಸಿರು ದೀಪ ಬಂತು, ಒಳಗೆ ಹೋದರು. ಒಬ್ಬೊಬ್ಬರಿಗೆ ಎರಡು ಕ್ಷಣ ಕೂಡ ಹಿಡೀಲಿಲ್ಲ.

ಗುಬ್ಬಿ ಎಡಗೈ ಉಂಗುರ ಬೆರಳು ಒತ್ತಿದಳು.

"ಗುರುತು ಸಿಗಲಿಲ್ಲ. ದಯವಿಟ್ಟು ಮತ್ತೆ ಪ್ರಯತ್ನಿಸಿ."

ಒರೆಸಿ ಒತ್ತಿದಳು. ಊದಿ ಒತ್ತಿದಳು. ಅಧಿಕಾರಿ ತಾನೇ ಅವಳ ಬೆರಳು ಹಿಡಿದು ಗಾಜಿನ ಮೇಲೆ ಅದುಮಿದ. ಹೊಸ ಚರ್ಮ, ನೋವಾಗಿರಬೇಕು. ಅವಳು ಮುಖ ಕಿವುಚಲಿಲ್ಲ.

"ಗುರುತು ಸಿಗಲಿಲ್ಲ."

"ಪಕ್ಕಕ್ಕೆ ಬಾ. ಹಿಂದಿನವರು ಬರಲಿ."

ಗುಬ್ಬಿಯಮ್ಮ ಮುಂದೆ ಬಂದಳು. "ಸಾರ್, ಫೋಟೋ ನೋಡಿ ಸಾರ್. ಇವಳೇ. ನಾನು ಹೆತ್ತವಳು, ಹೇಳ್ತಾ ಇದೀನಿ."

"ಎಲ್ಲರೂ ಹಂಗೇ ಹೇಳ್ತಾರಮ್ಮ." ಅಧಿಕಾರಿ ಕೆಟ್ಟವನಲ್ಲ. ದನಿ ಎತ್ತಲಿಲ್ಲ. ನಿಯಮದ ಪುಸ್ತಕ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟ. "ಇಲ್ಲಿ ನೋಡು. ಯಂತ್ರ ಕೆಟ್ಟರೆ ಫೋಟೋ ನೋಡಿ ಬಿಡಬಹುದು ಅಂತ ಇದೆ. ಈಗ ಯಂತ್ರ ಕೆಟ್ಟಿಲ್ಲ. ನಿನ್ನ ಮಗಳ ಕೈ ಕೆಟ್ಟಿದೆ, ಬೆರಳಲ್ಲಿ ಗೆರೇನೇ ಇಲ್ಲ. ಕೈ ಕೆಟ್ಟರೆ ಏನು ಮಾಡಬೇಕು ಅಂತ ಇದರಲ್ಲಿ ಬರೆದಿಲ್ಲ."

"ಬ್ಲೀಚಿಗೆ ಹಂಗಾಗಿದೆ ಸಾರ್. ಆಸ್ಪತ್ರೆ ಬಟ್ಟೆ ಒಗೀತೀವಿ."

"ಇರಬಹುದು. ಪರೀಕ್ಷೆ ಎಲ್ಲರಿಗೂ ಒಂದೇ ಅಲ್ವಾ ತಾಯಿ? ಒಬ್ಬರಿಗೊಂದು ನಿಯಮ ಮಾಡೋಕಾಗುತ್ತಾ?" ಅವನು ಒಂದು ಹಾಳೆ ತೆಗೆದ. "ಒಂದು ಉಪಕಾರ ಮಾಡ್ತೀನಿ. ಮಧ್ಯಾಹ್ನದ ಸಣ್ಣ ಪರೀಕ್ಷೆಯಲ್ಲಿ ಜಾಗ ಖಾಲಿ ಇದೆ, ಅಲ್ಲಿ ಕೂರಿಸ್ತೀನಿ. ಆದರೆ ಒಬ್ಬರಿಗೆ ಒಂದೇ ಅರ್ಜಿ. ಇದನ್ನು ಬಿಟ್ಟೆ ಅಂತ ಇವಳು ಬರೆದುಕೊಡಬೇಕು."

ಗುಬ್ಬಿ ಹಾಳೆ ಓದಿದಳು. ಮೇಜಿನ ಮೇಲೆ ವಾಪಸ್ ಇಟ್ಟಳು.

"ಸಹಿ ಹಾಕಲ್ಲ."

"ಯಾಕೆ?"

"ನನ್ನ ಸ್ವಂತ ಇಚ್ಛೆಯಿಂದ ಪರೀಕ್ಷೆ ಬಿಡ್ತಾ ಇದೀನಿ ಅಂತ ಬರೆದಿದೆ. ನನಗೆ ಆ ಇಚ್ಛೆ ಇಲ್ಲ. ನಾನು ಒಂಬತ್ತಕ್ಕೇ ಬಂದಿದೀನಿ. ಓದಿಕೊಂಡು ಬಂದಿದೀನಿ. ಯಂತ್ರಕ್ಕೆ ನನ್ನ ಕೈ ಗೊತ್ತಾಗಲ್ಲ ಅಂತ ನೀವು ಬರೆದು ನೀವೇ ಸಹಿ ಹಾಕಿ."

"ಗುಬ್ಬಿ," ಅಂದಳು ತಾಯಿ. "ಹಾಕಮ್ಮ. ಅದಾದರೂ ಉಳಿಯುತ್ತೆ."

"ಹಾಕಲ್ಲಮ್ಮ."

ಗಡಿಯಾರದಲ್ಲಿ ಹತ್ತಕ್ಕೆ ಹದಿನೈದು ನಿಮಿಷ. ಸಾಲಿನಲ್ಲಿ ಇನ್ನೂ ಅರವತ್ತು ಮಕ್ಕಳಿದ್ದರು. ಅಧಿಕಾರಿ ನಿಟ್ಟುಸಿರು ಬಿಟ್ಟ. "ಹದಿನೆಂಟು ತುಂಬಿಲ್ಲ ಅಲ್ವಾ? ಹಂಗಿದ್ರೆ ಹೆತ್ತವರ ಹೆಬ್ಬೆಟ್ಟೇ ಸಾಕು. ಬಾರಮ್ಮ, ನೀನಾದರೂ ಬುದ್ಧಿವಂತೆ." ಮುದ್ರೆ ಒತ್ತೋ ಶಾಯಿ ಡಬ್ಬಿ ತೆರೆದು ಮುಂದಿಟ್ಟ. ನೇರಳೆ ಶಾಯಿ.

ಗುಬ್ಬಿಯಮ್ಮ ಹೆಬ್ಬೆರಳು ಅದ್ದಿದಳು. ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಒಳಗೆ ಖಾಲಿ ತೊಟ್ಟಿ ಇದ್ದ ಹಾಗಿತ್ತು. ಮಗಳು ಈ ಕಡೆ ನೋಡ್ತಾನೇ ಇಲ್ಲ ಅಂತ ಗೊತ್ತಿತ್ತು. ಒತ್ತಿಬಿಟ್ಟರೆ ಮುಗೀತು. ಮಗಳು ಎರಡು ವರ್ಷ ಓದಿ ಮಂಚಕ್ಕೆ ಬಟ್ಟೆ ಹಾಸ್ತಾಳೆ. ತನಗಿಂತ ಒಂದು ಮೆಟ್ಟಿಲು ಮೇಲೆ. ಸಾಕಲ್ಲ.

ಬೆರಳು ಹಾಳೆ ಹತ್ತಿರ ತಂದಳು. ಅದರ ಮೇಲೆ ಒಂದೂ ಗೆರೆ ಇಲ್ಲ. ಬರೀ ನೇರಳೆ ಬೊಟ್ಟು.

"ಸಾರ್, ನನಗೂ ಗೆರೆ ಇಲ್ಲ."

"ಗೆರೆ ಗಿರೆ ಇದಕ್ಕೇನೂ ಬೇಡಮ್ಮ," ಅಂದ ಅಧಿಕಾರಿ. "ಒಂದು ಮಸಿ ಬಿದ್ದರೆ ಸಾಕು, ನಡೆಯುತ್ತೆ."

ಗುಬ್ಬಿಯಮ್ಮನ ಕೈ ಅಲ್ಲೇ ನಿಂತಿತು.

"ಒಳಗೆ ಬಿಡೋಕೆ ಗೆರೆ ಬೇಕು," ಅಂದಳು. ತನಗೇ ಹೇಳಿಕೊಂಡ ಹಾಗೆ, ನಿಧಾನವಾಗಿ. "ಆಚೆ ಹಾಕೋಕೆ ಬೇಡ."

"ಏನಮ್ಮ?"

"ಒಳಗೆ ಬಿಡೋಕೆ ಗೆರೆ ಬೇಕು. ಆಚೆ ಹಾಕೋಕೆ ಮಸಿ ಸಾಕು. ಅಲ್ವಾ ಸಾರ್?"

ಅವಳು ಕೂಗಲಿಲ್ಲ. ಕೈಯನ್ನು ಹಾಳೆ ಮೇಲಿಂದ ತೆಗೆದು, ಮತ್ತೆ ಡಬ್ಬಿಗೆ ಅದ್ದಿ, ಈ ಸಲ ಐದೂ ಬೆರಳು ಅದ್ದಿ, ಯಂತ್ರದ ಗಾಜಿನ ಮೇಲೆ ಇಟ್ಟು ಒತ್ತಿದಳು. ಹಾಸುಬಟ್ಟೆ ಉಜ್ಜೋ ಹಾಗೆ ಉಜ್ಜಿದಳು.

"ಗುರುತು ಸಿಗಲಿಲ್ಲ," ಅಂತು ಯಂತ್ರ. "ದಯವಿಟ್ಟು ಮತ್ತೆ ಪ್ರಯತ್ನಿಸಿ."

ಅವಳು ಮತ್ತೆ ಪ್ರಯತ್ನಿಸಿದಳು.

ಕಾವಲುಗಾರರು ಓಡಿ ಬಂದು ಎರಡೂ ರೆಟ್ಟೆ ಹಿಡಿದರು. ಅಧಿಕಾರಿ ಕರವಸ್ತ್ರ ತೆಗೆದು, ಅದನ್ನು ಬಾಟಲಿಯ ನೀರಿನಲ್ಲಿ ನೆನೆಸಿ ಗಾಜು ಒರೆಸಿದ. ಮುದ್ರೆ ಶಾಯಿಗೆ ನೀರು ತಾಗಿಸಬಾರದು. ಆಸ್ಪತ್ರೆ ಬಟ್ಟೆಗೆ ವಾರ್ಡಿನ ಮುದ್ರೆ ಒತ್ತೋದು ಅದೇ ಶಾಯಿಯಲ್ಲಿ. ನೀರು ತಾಗಿದರೆ ಹರಡುತ್ತೆ, ಸಂದಿಗೆ ಇಳಿಯುತ್ತೆ, ಒಂದು ದಿನವೆಲ್ಲ ಉಜ್ಜಿದರೂ ಹೋಗಲ್ಲ. ಗುಬ್ಬಿಯಮ್ಮ ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಗಾಜು ಅಂಚಿನವರೆಗೂ ನೇರಳೆಯಾಯ್ತು.

ಸಾಲಿನ ಮುಂದಿನ ಹುಡುಗ ಒತ್ತಿದ. ಅವನ ಬೆರಳು ಹಾಲಿನಂತಿತ್ತು. "ಗುರುತು ಸಿಗಲಿಲ್ಲ." ಅವನ ಹಿಂದೆ ದೊಡ್ಡ ಡಾಕ್ಟರ ಮಗಳು. "ಗುರುತು ಸಿಗಲಿಲ್ಲ." ಅವಳ ಹಿಂದಿನವಳು. "ಗುರುತು ಸಿಗಲಿಲ್ಲ." ಸಾಲು ನಿಂತಿತು. ಗೇಟಿನಾಚೆ ಗದ್ದಲ ಎದ್ದಿತು.

"ಏನ್ರೀ ಇದು? ಮಕ್ಕಳ ಭವಿಷ್ಯ ಅಂದ್ರೆ ಆಟಾನಾ?"

"ಎರಡು ವರ್ಷ ಓದಿದಾಳೆ ನನ್ನ ಮಗಳು! ಯಾರ್ರೀ ಇಲ್ಲಿ ಜವಾಬ್ದಾರಿ?"

"ಹತ್ತಾಗೋಕೆ ಎಂಟು ನಿಮಿಷ ಇದೆ! ಫೋಟೋ ನೋಡಿ ಬಿಡ್ರೀ!"

ಅಧಿಕಾರಿಯ ಹಣೆ ಬೆವೆತಿತ್ತು. ಅದೇ ಪುಸ್ತಕ ತೆಗೆದ. ಅದೇ ಸಾಲಿನ ಮೇಲೆ ಬೆರಳಿಟ್ಟ. ಈ ಸಲ ಗಟ್ಟಿಯಾಗಿ ಓದಿದ, ಎಲ್ಲರಿಗೂ ಕೇಳೋ ಹಾಗೆ. "ಯಂತ್ರ ಕೆಟ್ಟಿದೆ. ಫೋಟೋ ನೋಡಿ ಒಳಗೆ ಬಿಡಿ. ಎಲ್ಲರನ್ನೂ ಬಿಡಿ."

ಮಕ್ಕಳು ನುಗ್ಗಿದರು. ಗುಬ್ಬಿ ಅವರ ಜೊತೆ ಸಾಲಿಗೆ ಸೇರಿದಳು. ತನ್ನ ಸರದಿ ಬಂದಾಗ ಪ್ರವೇಶ ಪತ್ರವನ್ನು ಮುಖದ ಪಕ್ಕ ಎತ್ತಿ ಹಿಡಿದಳು.

"ನೀನು..." ಅಂದ ಅಧಿಕಾರಿ.

"ಎಲ್ಲರನ್ನೂ ಬಿಡಿ ಅಂದ್ರಿ. ಫೋಟೋ ನೋಡಿ."

ಗೇಟಿನಾಚೆಯಿಂದ ಅಪ್ಪ ಒಬ್ಬ ಕೂಗಿದ, "ಬಿಡ್ರೀ ಬೇಗ, ನನ್ನ ಮಗ ಹಿಂದೆ ನಿಂತಿದಾನೆ!" ಅಧಿಕಾರಿ ಫೋಟೋ ನೋಡಿದ. ಮುಖ ನೋಡಿದ. ಕೈಯಾಡಿಸಿದ.

ಮೆಟ್ಟಿಲ ಮೇಲೆ ಗುಬ್ಬಿ ನಿಂತು ತಿರುಗಿದಳು. ತಾಯಿಯ ರೆಟ್ಟೆಗಳನ್ನು ಇಬ್ಬರು ಹಿಡಿದಿದ್ದರು.

"ಇತ್ಲಾಗಿ ನೋಡಬೇಡ," ಅಂದಳು ಗುಬ್ಬಿಯಮ್ಮ. "ಹೋಗಿ ಬರಿ."

ಹತ್ತಕ್ಕೆ ಗಂಟೆ ಹೊಡೆಯಿತು. ಬಾಗಿಲು ಹಾಕಿದರು. ಅಧಿಕಾರಿ ಮೇಜಿನ ಹಿಂದೆ ಕೂತು, ಬಾಟಲಿಯಲ್ಲಿ ಉಳಿದಿದ್ದ ನೀರು ಕುಡಿದು, ಒಂದು ಬಿಳಿ ಹಾಳೆ ತಗೊಂಡು ಬರೆಯೋಕೆ ಶುರು ಮಾಡಿದ. ಸರ್ಕಾರಿ ಯಂತ್ರ ಕೆಡಿಸಿದ್ದು. ಪರೀಕ್ಷೆಗೆ ಅಡ್ಡಿ ಮಾಡಿದ್ದು. ಅರ್ಧ ಪುಟ ಬರೆದ. ಪೊಲೀಸರು ಬರ್ತಾರೆ ಅಂದ. ಕೆಲಸ ಹೋಗುತ್ತೆ ಅಂದ. ಗುಬ್ಬಿಯಮ್ಮ ಕೇಳಿಸಿಕೊಂಡಳು. ಹೆದರಿಕೆ ಆಗುತ್ತಾ ಅಂತ ಒಳಗೆ ಹುಡುಕಿ ನೋಡಿದಳು. ಆಗಲಿಲ್ಲ.

ಅವನು ಹಾಳೆ ತಿರುಗಿಸಿ, ಶಾಯಿ ಡಬ್ಬಿ ಮುಂದೆ ತಳ್ಳಿದ. "ಹೆಬ್ಬೆಟ್ಟು ಒತ್ತು. ನಾನೇ ಮಾಡಿದೆ ಅಂತ."

ಗುಬ್ಬಿಯಮ್ಮ ರೆಟ್ಟೆ ಕೊಡವಿದಳು. ಕಾವಲುಗಾರರು ಬಿಟ್ಟರು. ಅವಳು ಎರಡೂ ಕೈ ಬಿಡಿಸಿ, ಹತ್ತೂ ಬೆರಳು ಮೇಲೆ ಮಾಡಿ ಮೇಜಿನ ಮೇಲೆ ಇಟ್ಟಳು.

"ಒತ್ತಲ್ಲ ಸ್ವಾಮಿ. ನಾನು ಒತ್ತಿದ್ದು ಇಷ್ಟು ಜನದ ಮುಂದೆ. ಆಗ ನಿಮ್ಮ ಯಂತ್ರ ಏನು ಹೇಳ್ತು? ಗುರುತು ಸಿಗಲಿಲ್ಲ ಅಂತು. ಒಂದು ಸಲ ಅಲ್ಲ, ಎರಡು ಸಲ. ಅದು ಸುಳ್ಳು ಹೇಳಲ್ಲ ಅಂತ ತಾನೆ ನನ್ನ ಮಗಳನ್ನ ಆಚೆ ನಿಲ್ಲಿಸಿದ್ದು? ಈಗ ಯಾರ ಮೇಲೆ ಬರ್ಕೋತೀರ, ಬರ್ಕೊಳ್ಳಿ."

ಅಧಿಕಾರಿ ಹಾಳೆ ನೋಡಿದ, ಆ ಕೈ ನೋಡಿದ. ಗುಬ್ಬಿಯಮ್ಮ ಅವನ ಎದುರಿಗಿದ್ದ ಖಾಲಿ ಕುರ್ಚಿ ಎಳೆದುಕೊಂಡು ಕೂತಳು. ಪರೀಕ್ಷೆ ಮುಗಿಯೋಕೆ ಮೂರು ಗಂಟೆ ಇತ್ತು.